ಗಡಿಗೆಯಲ್ಲಿ ಉಳಿದ ಒಂದು ಬೀಜ

ಹೊಳೆಗಡ್ಡಿ ಎಂಬ ಊರಿನಲ್ಲಿ ಹರಿಗೋಲು ಹತ್ತುವ ಮೊದಲು ಪ್ರತಿಯೊಬ್ಬರೂ ಅಂಬಿಗನ ಗಡಿಗೆಗೆ ಒಂದು ಹುಣಸೆ ಬೀಜ ಹಾಕಬೇಕಿತ್ತು. ಆಚೆ ದಂಡೆಯಲ್ಲಿ ಇಳಿಯುವಾಗ ಅದೇ ಗಡಿಗೆಯಿಂದ ಒಂದು ಬೀಜ ತೆಗೆದುಕೊಳ್ಳಬೇಕಿತ್ತು. ಎಲ್ಲರೂ ಇಳಿದ ಮೇಲೆ ಗಡಿಗೆ ಖಾಲಿಯಿದ್ದರೆ ಸರಿ. ಒಂದು ಬೀಜ ಉಳಿಯಿತೆಂದರೆ ಒಬ್ಬರು ಹೊಳೆಯಲ್ಲಿದ್ದಾರೆ ಎಂದರ್ಥ.

ಹರಿಗೋಲು ಗಿರಗಿರನೆ ತಿರುಗುತ್ತ ಸಾಗುವ ಸವಾರಿ. ಇಪ್ಪತ್ತು ಜನ, ನಾಲ್ಕು ಆಡು, ಮೇಲೆ ಯಾರದೋ ಕೋಳಿಬುಟ್ಟಿ. ಅಂಚಿಗೆ ಕೂತವರೊಬ್ಬರು ಸದ್ದಿಲ್ಲದೆ ಜಾರಿದರೆ ಪಕ್ಕದವರಿಗೂ ಗೊತ್ತಾಗುವುದಿಲ್ಲ. ಹಿಂದೊಮ್ಮೆ ಹಾಗೇ ಆಗಿ, ಒಬ್ಬ ಮುದುಕ ಹೋದದ್ದು ಎಲ್ಲರಿಗೂ ಮನೆ ಸೇರಿದ ಮೇಲೆ ತಿಳಿದಿತ್ತು. ಅಂದಿನಿಂದ ಈ ಬೀಜದ ಕಟ್ಟಳೆ. ಹೊಳೆಗಡ್ಡಿಯ ಮಕ್ಕಳು ಅಕ್ಷರಕ್ಕೆ ಮೊದಲು ಇದನ್ನು ಕಲಿಯುತ್ತಿದ್ದವು.

ಆ ಊರಿನಲ್ಲಿ ನೀಲಗಂಗವ್ವ ಎಂಬ ಹೆಂಗಸು ಖಾನಾವಳಿ ನಡೆಸುತ್ತಿದ್ದಳು. ಇಪ್ಪತ್ತೆರಡು ವರ್ಷ ರೊಟ್ಟಿ ಬಡಿದ ಕೈ. ದಾರಿಹೋಕರು, ಸಂತೆಗೆ ಬಂದವರು, ಹೆಂಡತಿಯ ಮೇಲೆ ಸಿಟ್ಟಾದವರು, ಎಲ್ಲರಿಗೂ ಅವಳದೇ ಪಂಕ್ತಿ. ಖಾನಾವಳಿ ನಡೆಸಿದವರಿಗೆ ಮನುಷ್ಯರ ಬಗ್ಗೆ ಭ್ರಮೆ ಕಡಿಮೆ. ಯಾರು ಉಂಡು ಬಂದು ಮತ್ತೆ ಉಣ್ಣುತ್ತಾರೆ, ಯಾರು ರೊಟ್ಟಿಯನ್ನು ಸೆರಗಿಗೆ ಕಟ್ಟಿಕೊಳ್ಳುತ್ತಾರೆ, ಯಾರ ಹೊಗಳಿಕೆಯ ಹಿಂದೆ ಇನ್ನೊಂದು ಬಟ್ಟಲು ಪಲ್ಯದ ಆಸೆಯಿದೆ, ಅವಳಿಗೆ ಎಲ್ಲ ಗೊತ್ತು. ಹಾಗೆಂದು ಅವಳೇ ಅಂದುಕೊಂಡಿದ್ದಳು.

ಒಂದು ವರ್ಷ ಹೊಳೆಗೆ ಕೆಂಪು ನೀರು ಬಂತು. ಊರು ಎರಡು ಹೊಳೆಗಳ ನಡುವೆ ಇತ್ತು. ಎರಡೂ ಕಡೆ ನೀರು ಏರಿತು. ಹರಿಗೋಲುಗಳನ್ನು ದಂಡೆಗೆ ಎಳೆದು ಬೋರಲು ಹಾಕಿದರು. ಆಚೆ ದಂಡೆಯ ಸುಣ್ಣದ ಭಟ್ಟಿಗಳಲ್ಲಿ ಕೂಲಿ ಮಾಡುತ್ತಿದ್ದ ಅರ್ಧ ಊರು ಈಚೆ ಕುಳಿತು ನೀರು ನೋಡತೊಡಗಿತು. ನೀರು ನೋಡಿದರೆ ಹೊಟ್ಟೆ ತುಂಬುವುದಿಲ್ಲ. ಮೊದಲ ವಾರ ಜನ ಮನೆಯ ಕಾಳು ತಿಂದರು. ಎರಡನೆಯ ವಾರ ಬೀಜಕ್ಕಿಟ್ಟ ಕಾಳಿಗೆ ಕೈಹಾಕಿದರು. ಆಮೇಲೆ ಓಣಿಗಳಲ್ಲಿ ಹೊಗೆ ಕಾಣಿಸುವುದು ನಿಂತಿತು.

ಹೊಗೆ ಇಲ್ಲದ್ದನ್ನು ಮೊದಲು ಗಮನಿಸಿದವಳು ನೀಲಗಂಗವ್ವ. ಅವಳ ಖಾನಾವಳಿಯೂ ಮುಚ್ಚಿತ್ತು. ದಾರಿಯೇ ಇಲ್ಲದ ಮೇಲೆ ದಾರಿಹೋಕರೆಲ್ಲಿ? ಅವಳು ಪೇಟೆಗೆ ಹೋದಳು. ಅಡತಿ ಅಂಗಡಿಯ ನಾಲ್ವರು ಸಾಹುಕಾರರ ಗೋದಾಮುಗಳಲ್ಲಿ ಜೋಳವಿತ್ತು.

"ಹೊಳಿ ಇಳಿಯೂತನಕ ಜೋಳ ಕೊಡ್ರಿ. ನನ್ನ ಒಲಿ ಅದಾವು, ಹಂಡೆ ಅದಾವು, ದಿನಕ್ಕ ಒಂದೊಪ್ಪತ್ತು ನುಚ್ಚಂಬಲಿ ಕಾಸಿ ಹಾಕ್ತೀನಿ," ಎಂದಳು.

ಸಾಹುಕಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರಿಗಿಂತ ಹಿರಿಯರಾದ ಚನಮಲ್ಲಪ್ಪ ಸಾಹುಕಾರರು ಗಂಟಲು ಸರಿಮಾಡಿಕೊಂಡರು. "ಜೋಳ ಕೊಡೋದು ದೊಡ್ಡದಲ್ಲವ್ವ. ಹಸದೋರ ಹೊಟ್ಟಿಗೆ ಹೋಗ್ತೈತೋ, ಬಡಿಸೋರ ಮನಿಗೆ ಹೋಗ್ತೈತೋ ಅನ್ನೋದು ಮಾತು."

ನೀಲಗಂಗವ್ವನಿಗೆ ಚುರುಕ್ಕೆಂದಿತು. ನಡುಪೇಟೆಯಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ ಅವಳು ಆಣೆ ಮಾಡಿದಳು. "ನನ್ನ ಖಾನಾವಳ್ಯಾಗ ಬಡಿಸೋರು ಪಂಕ್ತ್ಯಾಗ ಕೂತದ್ದಿಲ್ಲ. ಇಲ್ಲೂ ಕೂಡಂಗಿಲ್ಲ. ಬಡಿಸೋರು ಒಂದು ತುತ್ತು ತಿಂದ್ರ ಅವತ್ತ ನೀವು ಜೋಳ ನಿಲ್ಲಸ್ರಿ."

ಎಲ್ಲರೂ ಭಲೆ ಎಂದರು. ಯಾರಿಗೂ ಒಂದು ಸಣ್ಣ ಸಂಗತಿ ಹೊಳೆಯಲಿಲ್ಲ. ಖಾನಾವಳಿಯಲ್ಲಿ ಬಡಿಸುವವರು ಪಂಕ್ತಿಯಲ್ಲಿ ಕೂರುವುದಿಲ್ಲ, ನಿಜ. ಗಿರಾಕಿಗಳು ಎದ್ದ ಮೇಲೆ ಒಳಗೆ ಕೂತು ಹೊಟ್ಟೆ ತುಂಬ ಉಣ್ಣುತ್ತಾರೆ. ಅಲ್ಲಿ ಯಾವಾಗಲೂ ಏನಾದರೂ ಉಳಿಯುತ್ತದೆ. ಲೆಕ್ಕ ಹಾಕಿ ಕಾಸಿದ ಅಂಬಲಿಯಲ್ಲಿ ಏನು ಉಳಿಯುತ್ತದೆ?

ಸೇವೆಗೆ ಏಳು ಜನ ತಾವಾಗಿ ಬಂದರು. ಅವರಲ್ಲಿ ಒಬ್ಬ ಅಂಬಿಗರ ಹುಲಗಪ್ಪ. ಅವನದು ಊರಿನ ದೊಡ್ಡ ಹರಿಗೋಲು. ಹೊಳೆ ದಾಟುವುದು ನಿಂತ ಮೇಲೆ ಅವನ ಕೈಗೆ ಕೆಲಸವಿರಲಿಲ್ಲ. "ಕೂತ್ರ ಕೈ ಜೋಮು ಹಿಡಿತಾವ್ರಿ ಅಕ್ಕಾರ. ಹಂಡೆ ಎತ್ತಾಕ ಒಬ್ಬ ಆಳು ಬೇಕಲ್ಲ," ಎಂದು ನಕ್ಕಿದ್ದ. ಮೂರು ಜನ ಎತ್ತುವ ಹಂಡೆಯನ್ನು ಅವನೊಬ್ಬನೇ ಎತ್ತುತ್ತಿದ್ದ.

ಬೀಜದ ಕಟ್ಟಳೆಯನ್ನು ಅಂಬಲಿಗೂ ತಂದವನು ಅವನೇ.

"ಹೆಸರು ಕರದ್ರ ಯಾರೂ ಬರಂಗಿಲ್ರಿ," ಎಂದ. "ನಿನ್ನೆತನಕ ದುಡದು ತಿಂದ ಮಂದಿ. 'ನನಗ ಹಸಿವಾಗೇತಿ' ಅಂತ ಬಾಯಿಬಿಟ್ಟು ಹೇಳೋದು ಹೊಳ್ಯಾಗ ಬೀಳೋದಕ್ಕಿಂತ ಕಷ್ಟ. ಗಡಿಗಿ ಇಡೂನು. ಹಿತ್ತಲದಾಗ, ಚೀಲದ ಪರದೆ ಹಿಂದ. ಬೆಳಕು ಹರಿಯೋದ್ರಾಗ ಯಾರಿಗೆ ಬೇಕೋ ಅವರು ಬಂದು ಒಂದು ಬೀಜ ಹಾಕಿ ಹೋಗ್ಲಿ. ಯಾರೂ ನೋಡಬಾರದು."

ಹಾಗೇ ಆಯಿತು. ಬೆಳಗಿನಲ್ಲಿ ನೀಲಗಂಗವ್ವ ಬೀಜ ಎಣಿಸುತ್ತಿದ್ದಳು. ಬೀಜಕ್ಕೊಂದು ಅಳತೆ ನುಚ್ಚು ಹಂಡೆಗೆ ಬೀಳುತ್ತಿತ್ತು. ಮಧ್ಯಾಹ್ನ ಬಾಗಿಲಲ್ಲಿ ಗಡಿಗೆ ಇಡುತ್ತಿದ್ದರು. ಒಳಗೆ ಬರುವವರು ಒಂದೊಂದು ಬೀಜ ತೆಗೆದುಕೊಂಡು ಪಂಕ್ತಿಯಲ್ಲಿ ಕೂರುತ್ತಿದ್ದರು. ಎಲ್ಲರೂ ಕೂತ ಮೇಲೆ ಗಡಿಗೆ ಖಾಲಿ. ಒಂಬತ್ತು ದಿನ ಹೀಗೇ ನಡೆಯಿತು.

ಹತ್ತನೆಯ ದಿನ ಒಂದು ಬೀಜ ಉಳಿಯಿತು.

ನೀಲಗಂಗವ್ವ ಗಡಿಗೆಯನ್ನು ಬೋರಲು ಮಾಡಿ ಕುಟ್ಟಿದಳು. ಬೀಜ ನೆಲದ ಮೇಲೆ ಬಿದ್ದು ಹೊರಳಿತು. ಪಂಕ್ತಿಯಲ್ಲಿ ಕೂತವರ ಕೈ ತುತ್ತಿನ ಅರ್ಧದಲ್ಲಿ ನಿಂತಿತು. ಬೇರೆ ಊರಿನಲ್ಲಾಗಿದ್ದರೆ ಅದು ಬರೀ ಹುಣಸೆ ಬೀಜ. ಹೊಳೆಗಡ್ಡಿಯಲ್ಲಿ ಅದು ಮುಳುಗುತ್ತಿರುವ ಒಬ್ಬ ಮನುಷ್ಯ.

"ಯಾರೋ ಎರಡ ಹಾಕಿರಬೇಕು ಬಿಡ್ರಿ," ಎಂದ ಹುಲಗಪ್ಪ, ಸೌಟು ಅಲುಗಿಸುತ್ತ.

ಒಂದು ಬಟ್ಟಲು ಅಂಬಲಿಯನ್ನು ಅವಳು ಮುಚ್ಚಿಟ್ಟಳು. ಹೊತ್ತು ಇಳಿಯುವವರೆಗೂ ಬಾಗಿಲಲ್ಲಿ ಕಾದಳು. ಯಾರೂ ಬರಲಿಲ್ಲ. ಅಂಬಲಿ ಹೆಪ್ಪುಗಟ್ಟಿತು. ಮರುದಿನ ಅದನ್ನು ಹಂಡೆಗೆ ಸುರಿದಳು.

ಮರುದಿನವೂ ಒಂದು ಬೀಜ ಉಳಿಯಿತು. ಅದರ ಮರುದಿನವೂ.

ಈಗ ಅವಳ ನಿದ್ದೆ ಹೋಯಿತು. ಯಾರೋ ಒಬ್ಬರು ದಿನಾ ಹಿತ್ತಲಿಗೆ ಬರುತ್ತಾರೆ. ಹಸಿವಾಗಿದೆ ಎಂದು ಬೀಜ ಹಾಕುತ್ತಾರೆ. ಮಧ್ಯಾಹ್ನ ಬರುವುದಿಲ್ಲ. ಬೆಳಗ್ಗೆ ನಡೆದು ಬಂದವರಿಗೆ ಮಧ್ಯಾಹ್ನ ಕಾಲು ಎಲ್ಲಿ ಹೋಗುತ್ತವೆ? ಎಲ್ಲಾದರೂ ಬಿದ್ದಿದ್ದಾರೆಯೇ? ಬಿದ್ದವರು ಮರುದಿನ ಮತ್ತೆ ಹೇಗೆ ಬಂದರು? ಅವಳು ಎಷ್ಟು ತಿರುಗಿಸಿ ನೋಡಿದರೂ ಲೆಕ್ಕ ಹತ್ತಲಿಲ್ಲ.

ಪರದೆಯ ಹಿಂದೆ ಅವಿತು ನೋಡಿದರೆ ಒಂದೇ ಬೆಳಗಿನಲ್ಲಿ ಗೊತ್ತಾಗುತ್ತಿತ್ತು. ಒಮ್ಮೆ ನಸುಕಿನಲ್ಲಿ ಎದ್ದು ಹಿತ್ತಲ ಬಾಗಿಲವರೆಗೆ ಹೋದಳು ಕೂಡ. ಅಗುಳಿಯ ಮೇಲೆ ಕೈಯಿಟ್ಟಳು. ನೀಲಗಂಗವ್ವ ನೋಡುತ್ತಾಳೆ ಎಂಬ ಸುದ್ದಿ ಹಬ್ಬಿದರೆ ನಾಳೆ ನಲವತ್ತು ಬೀಜ ಕಡಿಮೆಯಾಗುತ್ತವೆ. ಒಬ್ಬರನ್ನು ಹುಡುಕಲು ಹೋಗಿ ನಲವತ್ತು ಜನರನ್ನು ಕಳೆದುಕೊಂಡಂತಾಗುತ್ತದೆ. ಅವಳು ಕೈ ತೆಗೆದಳು.

ಅದರ ಬದಲು ಹಗಲಿನಲ್ಲಿ ಓಣಿ ಓಣಿ ಹೊಕ್ಕಳು. ಕುರುಡಿ ಸಂಗವ್ವನ ಗುಡಿಸಲಿಗೆ ಹೋದಳು. ಸಂಗವ್ವ ದಿನಾ ಪಂಕ್ತಿಗೆ ಬರುವವಳೇ. ಬೇನೆ ಬಿದ್ದವರ ಮನೆಗೆ ಹೋದಳು. ಅವರ ಪಾಲು ಮನೆಯವರು ಬೀಜ ತೆಗೆದು ಒಯ್ಯುತ್ತಿದ್ದರು. ಒಂದು ಮನೆಯಲ್ಲಿ ಗೌಡಸಾನಿಯೊಬ್ಬಳು ಬಾಗಿಲು ತೆರೆದು, ಅವಳ ಪ್ರಶ್ನೆ ಕೇಳಿ ಉರಿದುಬಿದ್ದಳು.

"ಏನಂದಿ? ನಾವು ಅಂಬಲಿಗೆ ಬೀಜ ಹಾಕ್ತೀವೇನು? ನಮ್ಮ ಮನಿ ನಾಯಿ ಸೈತ ಹಾಲನ್ನ ಉಣ್ತೈತಿ!"

"ಚಲೋ ಆತು ಬಿಡವ್ವ," ಎಂದಳು ನೀಲಗಂಗವ್ವ. "ನಾಯೀದು ಲೆಕ್ಕ ಸಿಕ್ಕಂಗಾತು."

ಬಾಗಿಲು ಮುಖಕ್ಕೆ ಬಡಿಯಿತು. ನಾಯಿ ಮಾತ್ರ ಹೊರಗೇ ಉಳಿಯಿತು.

ಹೊಳೆ ಇಳಿಯಲಿಲ್ಲ. ದಂಡೆಯಲ್ಲಿ ನೆಟ್ಟ ಗೂಟದಲ್ಲಿ ನೀರಿನ ಗುರುತು ಎರಡು ಬೆರಳು ಮೇಲೆಯೇ ಹೋಗಿತ್ತು. ನಾಲ್ಕನೆಯ ಬೀಜ ಉಳಿದ ದಿನ ನೀಲಗಂಗವ್ವ ನೀರಿನ ಅಂಚಿಗೆ ಹೋಗಿ ನಿಂತಳು. ತೇಲಿ ಬರುವ ಪ್ರತಿಯೊಂದು ಕೊರಡಿನಲ್ಲೂ ಅವಳಿಗೆ ಒಂದು ತಲೆ ಕಾಣಿಸುತ್ತಿತ್ತು. ಊರಿನಲ್ಲಿ ಒಬ್ಬರು ಸಾಯುತ್ತಿದ್ದಾರೆ, ನನ್ನ ಹಂಡೆಯಿಂದ ನೂರು ಹೆಜ್ಜೆ ದೂರದಲ್ಲಿ, ನನ್ನ ಎಣಿಕೆಯ ಒಳಗೆ ಬಂದೂ ನನ್ನ ಕಣ್ಣಿಗೆ ಬೀಳದೆ.

ಐದನೆಯ ದಿನ.

ಅಂದು ನೂರ ನಲವತ್ತಮೂರು ಬೀಜ. ಎಲ್ಲರೂ ಕೂತ ಮೇಲೆ ಗಡಿಗೆಯಲ್ಲಿ ಮತ್ತೆ ಒಂದು ಉಳಿದಿತ್ತು. ಸಾಹುಕಾರರ ಕಡೆಯಿಂದ ಗುಮಾಸ್ತ ಮಲ್ಹಾರಪ್ಪ ಬಂದು ಎಂದಿನಂತೆ ಕಂಬದ ಪಕ್ಕ ಸ್ಟೂಲು ಹಾಕಿ ಕುಳಿತಿದ್ದ. ಬಡಿಸುವವರ ಕೈ ಬಾಯಿಗೆ ಹೋಗುತ್ತದೆಯೇ ಎಂದು ನೋಡುವುದು ಅವನ ಕೆಲಸ. ಪಂಕ್ತಿಗಳು ಅಂಗಳ ತುಂಬ ಕೂತಿದ್ದವು. ಹುಲಗಪ್ಪ ಹಂಡೆಯನ್ನು ಒಲೆಯಿಂದ ಎತ್ತಿದ. ಎರಡು ಹೆಜ್ಜೆ ಇಟ್ಟ. ಮೂರನೆಯ ಹೆಜ್ಜೆಗೆ ಅವನ ಮೊಣಕಾಲು ಮಡಚಿತು. ಹಂಡೆ ವಾಲಿತು. ಕುದಿಯುವ ಅಂಬಲಿ ಭಳ್ಳನೆ ನೆಲಕ್ಕೆ ಚೆಲ್ಲಿ, ಮುಂದಿನ ಸಾಲಿನ ಮಕ್ಕಳ ಕಾಲಿನಿಂದ ಒಂದು ಗೇಣು ದೂರದಲ್ಲಿ ಹರಿದು ನಿಂತಿತು. ತಾಯಂದಿರು ಕಿರುಚಿ ಮಕ್ಕಳನ್ನು ಹಿಂದಕ್ಕೆ ಎಳೆದರು. ಇನ್ನಿಬ್ಬರು ಓಡಿಬಂದು ಹಂಡೆಯನ್ನು ಹಿಡಿದರು.

ಐದು ದಿನದ ದಿಗಿಲು ನೀಲಗಂಗವ್ವನ ಬಾಯಿಂದ ಸಿಟ್ಟಾಗಿ ಹೊರಬಂತು.

"ಕಣ್ಣು ಎಲ್ಲಿಟ್ಟಿಯೋ? ಕೂಸುಗಳು ಬೆಂದು ಹೋಗ್ತಿದ್ವು! ಕುಡದು ಬಂದೀಯೇನು?"

ಹುಲಗಪ್ಪ ತಲೆ ಎತ್ತಲಿಲ್ಲ. ತುಟಿ ಒಣಗಿತ್ತು. "ಹೌದ್ರಿ ಅಕ್ಕಾರ," ಎಂದ. "ಚೂರು ಹೆಚ್ಚಾತು. ತಪ್ಪಾತ್ರಿ."

ಪಂಕ್ತಿಯಲ್ಲಿ ಗುಸುಗುಸು ಎದ್ದಿತು. ಅವನ ಹೆಂಡತಿ ಮಾಯವ್ವ ಎರಡು ಮಕ್ಕಳ ಜೊತೆ ಅಲ್ಲೇ ಕೂತಿದ್ದಳು. ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಗುಮಾಸ್ತ ತಲೆಯಾಡಿಸಿದ. ಆಗ ಪಂಕ್ತಿಯ ತುದಿಯಿಂದ ಮುದುಕಿ ತಿಪ್ಪವ್ವನ ದನಿ ಬಂತು. ತಿಪ್ಪವ್ವನಿಗೆ ಹಲ್ಲು ನಾಲ್ಕಿದ್ದವು, ನಾಲಿಗೆ ಪೂರ್ತಿಯಿತ್ತು.

"ಭಾಳ ಶೂರ ಬಿಡವ್ವ ನಮ್ಮ ಹುಲಗ್ಯಾ! ಹೆಂಡದಂಗಡಿ ಇರೋದು ಆಚೀ ದಂಡ್ಯಾಗ. ಹರಿಗೋಲ ಬಿಟ್ಟು ಇಪ್ಪತ್ತೆಂಟು ದಿನ ಆತು. ಈ ಮಹಾಪೂರದಾಗ ಈಸಿ ಹೋಗಿ, ಕುಡದು, ಈಸಿ ಬಂದಾನ ನೋಡ್ರಿ. ನನಗೂ ಒಂದು ಚೊಂಬು ತರಬೇಕಿಲ್ಲೋ?"

ಅಂಗಳವೆಲ್ಲ ಘೊಳ್ಳೆಂದು ನಕ್ಕಿತು. ಗುಮಾಸ್ತನೂ ನಕ್ಕ. ಹುಲಗಪ್ಪನೂ ನಗಲು ನೋಡಿದ. ನೀಲಗಂಗವ್ವ ನಗಲಿಲ್ಲ.

ಹೌದಲ್ಲ. ಈಚೆ ದಂಡೆಯಲ್ಲಿ ಹೆಂಡವೇ ಇಲ್ಲ. ಅವನ ಬಾಯಿಂದ ವಾಸನೆಯೂ ಬರಲಿಲ್ಲ. ಹಾಗಾದರೆ ಇಲ್ಲದ ತಪ್ಪನ್ನು ಒಬ್ಬ ಮನುಷ್ಯ, ಹೆಂಡತಿ ಮಕ್ಕಳ ಎದುರಿಗೆ, ನೂರಾರು ಜನರ ಎದುರಿಗೆ, ಯಾಕೆ ಒಪ್ಪಿಕೊಳ್ಳುತ್ತಾನೆ? ಅದಕ್ಕಿಂತ ದೊಡ್ಡ ನಾಚಿಕೆಯೊಂದನ್ನು ಮುಚ್ಚಬೇಕಾದಾಗ ಮಾತ್ರ. ಕುಡುಕ ಅನ್ನಿಸಿಕೊಂಡರೂ ಸರಿ, ಇನ್ನೊಂದು ಮಾತು ಅನ್ನಿಸಿಕೊಳ್ಳಬಾರದು ಎಂದಿದ್ದಾಗ ಮಾತ್ರ.

ಅವಳು ಸೌಟು ಹಿಡಿದು ಮಾಯವ್ವನ ಹತ್ತಿರ ಬಗ್ಗಿದಳು. ಅಂಬಲಿ ಬಡಿಸುವ ನೆಪದಲ್ಲಿ ಮೆಲ್ಲಗೆ ಕೇಳಿದಳು. "ಮಾಯವ್ವ, ಇವತ್ತು ಮುಂಜಾನೆ ಮನ್ಯಾಗ ಅವಂಗ ಏನ ಹಾಕಿದ್ದಿ?"

ಮಾಯವ್ವ ಕಣ್ಣರಳಿಸಿದಳು. "ಮನ್ಯಾಗೆಲ್ಲಿದ್ರಿ ಯವ್ವಾ? ಒಲಿ ಹಚ್ಚಲಾರದ ಆರು ದಿನ ಆತು. ಅಂವಾ ಇಲ್ಲೇ ಉಣ್ತಾನಂತಲ್ರೀ. 'ಬಡಿಸೋರಿಗೆ ಒಳಗ ಬ್ಯಾರೆ ತೆಗದಿಟ್ಟಿರ್ತಾರ, ನೀವು ಉಣ್ರಿ' ಅಂತಾನ. ಮಕ್ಕಳು ಬಿಟ್ಟದ್ದನ್ನೂ ಮುಟ್ಟಂಗಿಲ್ಲ."

ನೀಲಗಂಗವ್ವನಿಗೆ ಅವನು ದಿನಾ ಹೇಳುತ್ತಿದ್ದ ಮಾತು ಬೇರೆ. "ಮನ್ಯಾಗ ಉಂಡು ಬಂದೀನ್ರಿ."

ಅವಳು ನೆಟ್ಟಗಾದಳು. ದಿನಾ ಬೆಳಗ್ಗೆ ಹಸಿವು ಅವನನ್ನು ಹಿತ್ತಲಿಗೆ ಕರೆತರುತ್ತಿತ್ತು, ಇವತ್ತು ಹೇಗಾದರೂ ಪಂಕ್ತಿಯಲ್ಲಿ ಕೂತೇ ತೀರುತ್ತೇನೆ ಎಂದು ಅವನು ಬೀಜ ಹಾಕುತ್ತಿದ್ದ. ದಿನಾ ಮಧ್ಯಾಹ್ನ ಕೈಯಲ್ಲಿ ಸೌಟು ಬರುತ್ತಿತ್ತು, ಎದುರಿಗೆ ಗುಮಾಸ್ತ ಕೂತಿರುತ್ತಿದ್ದ, ನಡುವೆ ಅವಳ ಆಣೆ ಇರುತ್ತಿತ್ತು. ಊರೆಲ್ಲ ಹುಡುಕಿದ ಮನುಷ್ಯ ಐದು ದಿನದಿಂದ ಅವಳ ಪಕ್ಕದಲ್ಲೇ ನಿಂತು ಹಂಡೆ ಎತ್ತುತ್ತಿದ್ದ.

ಈಗ ಏನು ಮಾಡುವುದು?

"ಹುಲಗಪ್ಪ, ನೀನು ಹಸಿದೀ, ಕೂಡು" ಎಂದರೆ ಅವನು ಕೂರುವುದಿಲ್ಲ. ನಾಳೆಯಿಂದ ಬರುವುದೂ ಇಲ್ಲ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುತ್ತಾನೆ. ಸುಮ್ಮನಿದ್ದರೆ ನಾಳೆ ಅವನು ಹಂಡೆಯ ಕೆಳಗೆ ಬೀಳುತ್ತಾನೆ. ಒಳಗೆ ಕರೆದು ಕದ್ದು ಬಡಿಸಿದರೆ ಗುಮಾಸ್ತನ ಕಣ್ಣು ಸುಮ್ಮನಿರುವುದಿಲ್ಲ. ಆಣೆ ಮುರಿದರೆ ಜೋಳ ನಿಲ್ಲುತ್ತದೆ. ಜೋಳ ನಿಂತರೆ ನೂರ ನಲವತ್ತೆರಡು ಬಟ್ಟಲು ಬರಿದಾಗುತ್ತವೆ. ಹೊಳೆಯ ಗೂಟ ಇನ್ನೂ ನೀರಿನಲ್ಲೇ ಇತ್ತು.

ಅವಳು ಬಾಗಿಲಿಗೆ ಹೋದಳು. ಗಡಿಗೆಗೆ ಕೈಹಾಕಿ ಉಳಿದ ಬೀಜವನ್ನು ತೆಗೆದಳು. ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ಐದು ದಿನ ಇದನ್ನ ಹುಡುಕಿದಂಗ ಮಾಡಿದೆ," ಎಂದಳು. "ಸುಳ್ಳು. ಇದು ನನ್ನ ಬೀಜ."

ಹುಲಗಪ್ಪನ ಕೈಯ ಸೌಟು ನಿಂತಲ್ಲೇ ನಿಂತಿತು.

"ಖಾನಾವಳಿ ಮುಚ್ಚಿ ನನಗೂ ತಿಂಗಳಾತು. ನನ್ನ ಮನ್ಯಾಗೇನು ಜೋಳ ಬೆಳೀತಾವೇನು? ದಿನಾ ಮುಂಜಾನೆ ಬೀಜ ಹಾಕ್ತಿದ್ದೆ, ಮಧ್ಯಾಹ್ನ ನಾಚಿಕಿ ಬರ್ತಿತ್ತು. ಇವತ್ತು ನಾಚಿಕಿ ಸಾಕಾಗೇತಿ. ಹಸಿವಾಗೇತಿ. ನಾನು ಉಣ್ಣಾಕಿ."

ಹಾಗೆಂದವಳೇ ಪಂಕ್ತಿಯಲ್ಲಿ ತಿಪ್ಪವ್ವನ ಪಕ್ಕ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟಳು.

ಗುಮಾಸ್ತ ಸ್ಟೂಲಿನಿಂದ ಎದ್ದ. "ಇದೇನ್ರೀ ನೀಲಗಂಗವ್ವಾರ? ಬಡಿಸೋರು ಉಣ್ಣಂಗಿಲ್ಲ ಅಂತ ಆಣಿ ಮಾಡಿದೋರು ನೀವ! ನಾನು ಸಾಹುಕಾರ್ರಿಗೆ ಏನ ಹೇಳ್ಲಿ?"

"ಕಂಡದ್ದ ಹೇಳಪ್ಪಾ. ಆಣಿ ಮಾಡೂವಾಗ ನನ್ನ ಹೊಟ್ಟಿ ತುಂಬಿತ್ತು. ಹೊಟ್ಟಿ ತುಂಬಿದಾಗ ಮಾಡಿದ ಆಣಿ ಹಸದೋರಿಗೆ ಹೊಂದಂಗಿಲ್ಲ ಅಂತ ಈಗ ಗೊತ್ತಾತು."

ಆಮೇಲೆ ಅವಳು ಬಡಿಸುವವರ ಕಡೆ ತಿರುಗಿದಳು. ಹುಲಗಪ್ಪನ ಮುಖ ನೋಡಲಿಲ್ಲ. ಏಳೂ ಜನರನ್ನು ಒಟ್ಟಿಗೆ ನೋಡಿದಳು.

"ನೀವೇನು ಕಂಬ ಆಗಿ ನಿಂತೀರಿ? ಕೂಡ್ರಿ. ನಾನೊಬ್ಬಾಕಿ ಉಂಡ್ರ ಕಳ್ಳಿ ಅಂತಾರ. ಎಲ್ಲಾರೂ ಕೂತ್ರ ಅದು ಪಂಕ್ತಿ ಆಗ್ತೈತಿ. ಯಜಮಾನಿ ಆಣಿ ಮುರದಾಳ, ಆ ಪಾಪದಾಗ ಪಾಲು ಬ್ಯಾಡೇನು?"

"ಬಡಿಸೋರು ಯಾರ್ರಿ ಹಂಗಾದ್ರ?" ಎಂದು ಯಾರೋ ಕೇಳಿದರು.

ತಿಪ್ಪವ್ವ ಮೊಣಕಾಲು ಹಿಡಿದುಕೊಂಡು ಎದ್ದಳು. "ಕೊಡ್ರಿ ಇತ್ತಾಗ ಸೌಟು. ನಾಕು ಮಂದಿ ಸೊಸ್ತ್ಯಾರಿಗೆ ಬಡಿಸಿದ ಕೈ ಇದು. ಒಬ್ಬಾಕೀನೂ 'ಸಾಕತ್ತಿ' ಅನ್ನೋತನಕ ಬಿಟ್ಟಿಲ್ಲ." ಅವಳ ಹಿಂದೆ ಇನ್ನೂ ನಾಲ್ಕೈದು ಹೆಂಗಸರು ಎದ್ದರು. ಭಟ್ಟಿಯ ಕೂಲಿಯವರಿಬ್ಬರು ಬಟ್ಟಲು ಪಕ್ಕಕ್ಕಿಟ್ಟು ಹಂಡೆಯ ಕಿವಿ ಹಿಡಿದರು.

ಅಂಬಲಿ ಸಾಲದು. ಚೆಲ್ಲಿದ್ದು ಬೇರೆ. ನೀಲಗಂಗವ್ವ ಕೂತಲ್ಲಿಂದಲೇ ಕೂಗಿದಳು. "ಎರಡು ಕೊಡ ಬಿಸಿನೀರು ಸುರೀರಿ. ಒಂದು ಹಿಡಿ ಉಪ್ಪು. ಇವತ್ತು ತಿಳಿ ಆಗ್ತೈತಿ, ಯಾರೂ ಹೆಸರಿಡಬ್ಯಾಡ್ರಿ."

ಆರು ಜನ ಕೂತರು. ಹುಲಗಪ್ಪ ಕೂರಲಿಲ್ಲ.

"ನಂದು ಮನ್ಯಾಗ ಆಗೇತ್ರಿ," ಎಂದ. ಮಾಯವ್ವ ತಟ್ಟನೆ ತಲೆ ಎತ್ತಿ ಗಂಡನನ್ನು ನೋಡಿದಳು. ಅವಳ ಬಾಯಿ ತೆರೆಯಿತು.

ಅವಳು ಮಾತಾಡುವ ಮೊದಲೇ ನೀಲಗಂಗವ್ವ ಗದರಿದಳು. "ಮನ್ಯಾಗಿಂದು ಮನ್ಯಾಗ ಆತು, ಯಾರ ಕೇಳಿದರು ಅದನ್ನ? ಇಪ್ಪತ್ತೆರಡು ವರ್ಷ ಮಂದೀಗೆ ಬಡಿಸಿ ಬಡಿಸಿ, ಕಡೀಗೆ ಒಳಗ ಒಬ್ಬಾಕೀನ ಕೂತು ಉಂಡೀನಿ. ಜೋಡಿಗೆ ಒಬ್ರು ಕೂತು ಉಣ್ರಿ ಅಂದ್ರ ಇಷ್ಟು ಬಿಗುಮಾನ ಏನೋ ನಿಂದು? ನನ್ನ ಎದುರಿಗೆ ಕೂಡು. ಕುಡದು ಬಂದೀಯೇನು ಅಂತ ಅಂದೆನಲ್ಲ, ಆ ಮಾತು ತಪ್ಪಾತು. ನನ್ನ ತಪ್ಪು ಹೊಟ್ಟ್ಯಾಗ ಹಾಕ್ಕೊಂಡಿದ್ರ ಉಣ್ಣು."

ಹುಲಗಪ್ಪ ಸೌಟನ್ನು ತಿಪ್ಪವ್ವನ ಕೈಗೆ ಕೊಟ್ಟ. ಆಮೇಲೆ ಅವನು ಬಹಳ ಮೆಲ್ಲಗೆ, ಎರಡೂ ಕೈ ನೆಲಕ್ಕೆ ಊರಿ, ಕೂತ.

ತಿಪ್ಪವ್ವ ಅವನ ಬಟ್ಟಲು ತುಂಬಿಸಿದಳು. ಮೊದಲ ಗುಟುಕನ್ನು ಅವನು ಉಂಡು ಬಂದವನ ಹಾಗೆ ನಿಧಾನವಾಗಿ ಕುಡಿದ. ಎರಡನೆಯದನ್ನೂ. ಆಮೇಲೆ ಅವನ ಕೈ ಅವನ ಮಾತು ಕೇಳಲಿಲ್ಲ. ನೀಲಗಂಗವ್ವ ಅತ್ತ ನೋಡಲಿಲ್ಲ. ತನ್ನ ಬಟ್ಟಲಲ್ಲಿ ಕಣ್ಣಿಟ್ಟು, ಪಕ್ಕದವರ ಜೊತೆ ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ವಾದಕ್ಕೆ ಇಳಿದಳು.

ಹಾಗೆ ವಾದಿಸುತ್ತಿರುವಾಗಲೇ ಅವಳಿಗೆ ಇನ್ನೊಂದು ಕಂಡಿತು. ಬಡಿಸುವವರ ಸಾಲಿನಲ್ಲಿ, ಬುಟ್ಟಿ ಹೆಣೆಯುವ ರೇಣವ್ವ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಒಂದೇ ಉಸಿರಿಗೆ ಬರಿದು ಮಾಡಿದ್ದಳು. ಬಟ್ಟಲ ಅಂಚನ್ನು ಬೆರಳಿನಿಂದ ಬಳಿಯುತ್ತಿದ್ದಳು. ಅವಳ ಪಕ್ಕದ ನೇಕಾರ ಕಾಡಪ್ಪ ಉಣ್ಣುತ್ತಲೇ ಅಳುತ್ತಿದ್ದ. ಹೊಗೆಯೆಂದು ಕಣ್ಣೊರೆಸಿಕೊಳ್ಳುತ್ತಿದ್ದ. ಒಲೆ ಆಗಲೇ ಆರಿತ್ತು.

ಗಡಿಗೆಯಲ್ಲಿ ಉಳಿದದ್ದು ಒಂದು ಬೀಜ. ಹಸಿದವರು ಮೂವರಿದ್ದರು. ಇಬ್ಬರು ಬೀಜವನ್ನೂ ಹಾಕಿರಲಿಲ್ಲ.

ನೀಲಗಂಗವ್ವ ಬಟ್ಟಲನ್ನು ಕೆಳಗಿಟ್ಟಳು. ಮನುಷ್ಯರ ಹೊಟ್ಟೆಯನ್ನು ಓದಬಲ್ಲೆ ಎಂದುಕೊಂಡಿದ್ದಳಲ್ಲ, ಅವಳು ಓದಿದ್ದು ಎದುರಿಗೆ ಕೂತವರ ಹೊಟ್ಟೆಯನ್ನು ಮಾತ್ರ. ಪಕ್ಕದಲ್ಲಿ ನಿಂತವರ ಕಡೆ ತಿರುಗಿಯೂ ನೋಡಿರಲಿಲ್ಲ.

ಗುಮಾಸ್ತ ಮಲ್ಹಾರಪ್ಪ ಚಪ್ಪಲಿ ಮೆಟ್ಟಿಕೊಂಡು ಪೇಟೆಗೆ ಹೋದ. ಕಂಡದ್ದನ್ನು ಕಂಡಂತೆ ಹೇಳಿದ. ಮರುದಿನ ಬೆಳಗ್ಗೆ ಜೋಳ ಬರುವ ಹೊತ್ತಿಗೆ ನೀಲಗಂಗವ್ವ ಬಾಗಿಲಲ್ಲಿ ನಿಂತಳು. ನಾಲ್ಕು ಗೋದಾಮುಗಳಿಂದ ಬರಬೇಕಿದ್ದ ಚೀಲಗಳಲ್ಲಿ ಎರಡು ಗೋದಾಮಿನವು ಬರಲೇ ಇಲ್ಲ. ಚನಮಲ್ಲಪ್ಪ ಸಾಹುಕಾರರದೂ ಇನ್ನೊಬ್ಬರದೂ ನಿಂತಿತ್ತು. ಉಳಿದಿಬ್ಬರದು ಬಂದಿತ್ತು.

ಅರ್ಧ ಜೋಳ. ಹನ್ನೊಂದು ದಿನ. ಆ ಹನ್ನೊಂದು ದಿನ ಹೇಗೆ ಕಳೆದವು ಎಂದು ಯಾರಾದರೂ ಕೇಳಿದರೆ ಹೊಳೆಗಡ್ಡಿಯವರು ಇಂದಿಗೂ ಸುಮ್ಮನಾಗುತ್ತಾರೆ. ಅಂಬಲಿ ದಿನದಿಂದ ದಿನಕ್ಕೆ ತಿಳಿಯಾಯಿತು. ಬಟ್ಟಲಿನ ತಳದಲ್ಲಿ ಮುಖ ಕಾಣುವಷ್ಟು. ಆದರೆ ಈಗ ಅಡುಗೆಮನೆಯಲ್ಲಿ ಏಳು ಜನರ ಬದಲು ನಲವತ್ತು ಜನರಿದ್ದರು. ತಿಪ್ಪವ್ವನಿಗೆ ಯಾವ ಬದುವಿನಲ್ಲಿ ಯಾವ ಸೊಪ್ಪು ಚಿಗುರುತ್ತದೆ ಎಂದು ಗೊತ್ತಿತ್ತು. ಅವಳ ಹಿಂದೆ ಹೆಂಗಸರು ಮಡಿಲು ತುಂಬ ಸೊಪ್ಪು ತಂದರು. ರೇಣವ್ವ ಬುಟ್ಟಿ ಒಡ್ಡಿ ಗದ್ದೆಯ ಕಾಲುವೆಯಲ್ಲಿ ಸಣ್ಣ ಮೀನು ಹಿಡಿದಳು. ಎಲ್ಲರೂ ಸರದಿಯಲ್ಲಿ ಬಡಿಸಿದರು, ಎಲ್ಲರೂ ಸರದಿಯಲ್ಲಿ ಕೂತರು. ದಿನಾ ಬಡಿಸುವವರ ಸಾಲು ಮೊದಲು ಕೂರಬೇಕೆಂದು ನೀಲಗಂಗವ್ವ ಹೊಸ ಕಟ್ಟಳೆ ಹಾಕಿದಳು. ಆಣೆ ಮಾತ್ರ ಮಾಡಲಿಲ್ಲ. ಆಣೆಯ ಸಹವಾಸ ಅವಳಿಗೆ ಸಾಕಾಗಿತ್ತು.

ಹನ್ನೆರಡನೆಯ ದಿನ ಹೊಳೆ ಇಳಿಯಿತು. ಒಬ್ಬರೂ ಸತ್ತಿರಲಿಲ್ಲ.

ಚನಮಲ್ಲಪ್ಪ ಸಾಹುಕಾರರು ಆಮೇಲೆ ಒಂದು ದಿನ ಖಾನಾವಳಿಗೆ ಬಂದರು. ರೊಟ್ಟಿ ಮುರಿಯುತ್ತ, ತಮಗೆ ತಾವೇ ಹೇಳಿಕೊಳ್ಳುವವರಂತೆ, "ಅವತ್ತು ನಿನಗ ಅಷ್ಟು ಹಸಿವಾಗಿತ್ತಂತ ನನಗ ಒಂದು ಮಾತು ಹೇಳಿದ್ರ ಆಗ್ತಿತ್ತಲ್ಲವ್ವ, ಒಳಗಿಂದ ಒಳಗ ಕೊಡ್ತಿದ್ದೆ," ಎಂದರು.

"ನನಗ ಹಸಿವಾಗಿದ್ರ ಹೇಳ್ತಿದ್ನೆಪ್ಪಾ," ಎಂದಳು ನೀಲಗಂಗವ್ವ. ಬುಟ್ಟಿಯಿಂದ ಇನ್ನೊಂದು ರೊಟ್ಟಿ ತೆಗೆದು ಅವರ ತಟ್ಟೆಗೆ ಹಾಕಿದಳು.

ಸಾಹುಕಾರರ ಕೈ ರೊಟ್ಟಿಯ ಮೇಲೆಯೇ ನಿಂತಿತು. ಹಾಗಾದರೆ ಆ ಹಸಿವು ಯಾರದೆಂದು ಅವರು ಕೇಳಲಿಲ್ಲ. ಕೇಳಿದ್ದರೂ ಅವಳು ಹೇಳುತ್ತಿರಲಿಲ್ಲ.

ನೀತಿ: ಹಸಿದವರೆಲ್ಲ ಕೈಚಾಚಿ ನಿಲ್ಲುವುದಿಲ್ಲ. ಕೆಲವರು ನಮ್ಮ ಪಕ್ಕದಲ್ಲೇ ನಿಂತು ಇನ್ನೊಬ್ಬರಿಗೆ ಬಡಿಸುತ್ತಿರುತ್ತಾರೆ. ಊರಿನ ಹಸಿವು ನೀಗಲು ಹೊರಟವರು ಮೊದಲು ತಮ್ಮ ಜೊತೆಗಾರರ ಮುಖ ನೋಡಬೇಕು. ಅನ್ನ ಕೊಡುವಾಗ ಉಣ್ಣುವವರ ಮಾನವನ್ನೂ ಕಾಯಬೇಕು. ಅದಕ್ಕಾಗಿ ನಮ್ಮ ಮಾನ ತುಸು ಹೋದರೂ ಚಿಂತೆಯಿಲ್ಲ.